ರೋಗಕಾಲದ ಧೈರ್ಯವೂ ನಮ್ಮ ಬರವಣಿಗೆಯೂ

ವಾಚಕ ಮಹಾಶಯರಲ್ಲಿ ಹಲವರು ಗೋಗಿಯನ್ನು ನೋಡಿರಬಹುದು. ವಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫನು 1510ರಲ್ಲಿ ತೀರಿಕೊಂಡಾಗ ಅವನ ಸಮಾಧಿಯಾದುದು ರಾಜಧಾನಿಯಲ್ಲಲ್ಲ. ಈ ಗ್ರಾಮದಲ್ಲಿ, ಚಂದಾ ಹುಸೇನಿಯೆಂಬ ಸಂತನ ದರ್ಗಾದ ಮಗ್ಗುಲಲ್ಲಿ. ರಾಜ್ಯವನ್ನು ಕಟ್ಟಿದವನಿಗೂ ಕಡೆಗೆ ಒಬ್ಬರ ಸಾಮೀಪ್ಯ ಬೇಕಾಯಿತು. ಕ್ಯಾನ್ಸರ್ ಎಂದು ಎಲ್ಲರೂ ಬಲ್ಲ ಅರ್ಬುದರೋಗದ ಚಿಕಿತ್ಸೆಗೆ ಒಳಗಾದವರಿಗೆ ಬೇಕಾದ ಸಾಮೀಪ್ಯವನ್ನು ನಮ್ಮ ಸಾಹಿತ್ಯವು ಎಷ್ಟರಮಟ್ಟಿಗೆ ಅರಿತಿದೆ? ಇಲ್ಲಿ ವಿಚಾರಿಸತಕ್ಕ ವಿಷಯವಿದು.

ಇದಕ್ಕೆ ಅಳತೆಗೋಲನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನು ಒಂದು ವಚನದಲ್ಲಿ ದೇವರೊಡನೆಯೇ ವಾದಕ್ಕೆ ನಿಲ್ಲುತ್ತಾನೆ: ಶರೀರಧಾರಿಯ ದೌರ್ಬಲ್ಯವನ್ನು ಹೀನೈಸುವವನು ಮೊದಲು ತಾನೂ ಶರೀರವನ್ನು ಧರಿಸಿ ಅರಿಯಬೇಕೆಂಬುದು ಅದರ ತಾತ್ಪರ್ಯ. ರೋಗಿಗೆ ಧೈರ್ಯ ಹೇಳುವ ಪ್ರತಿಯೊಂದು ಬರಹವನ್ನೂ ಈ ಮಾತಿನಿಂದಲೇ ಪರೀಕ್ಷಿಸಬೇಕು.

ಹಾಗೆ ಪರೀಕ್ಷಿಸಿದರೆ ನಮ್ಮ ಪತ್ರಿಕೆಗಳ ಅನೇಕ ಲೇಖನಗಳು ನಿಲ್ಲಲಾರವು. ಮನೋಬಲವೊಂದಿದ್ದರೆ ರೋಗವನ್ನು ಜಯಿಸಬಹುದೆಂದು ಅವು ಸಾರುತ್ತವೆ. ಹಾಗಾದರೆ ಗುಣವಾಗದೆ ಹೋದವರು ಮನೋಬಲವಿಲ್ಲದವರೇ? ಅಮೇರಿಕದ ಲೇಖಕಿ ಸೂಸಾನ್ ಸಾಂಟಾಗ್ ತಾವೇ ಈ ರೋಗದ ಚಿಕಿತ್ಸೆ ಪಡೆದ ಬಳಿಕ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರೋಗಕ್ಕೆ ರೂಪಕಗಳನ್ನು ಹೊದಿಸಿ ರೋಗಿಯ ಮೇಲೆಯೇ ತಪ್ಪು ಹೊರಿಸುವ ಅಭ್ಯಾಸವನ್ನು ಖಂಡಿಸಿದರು. ಔಷಧವು ಬೇಗ ವಿಭಜಿಸುವ ಜೀವಕೋಶಗಳನ್ನು ನಾಶಮಾಡುವಾಗ ಕೂದಲಿನ ಬೇರು, ಬಾಯಿಯ ಒಳಪೊರೆ, ಎಲುಬಿನ ಮಜ್ಜೆಗಳೂ ನೋಯುತ್ತವೆ. ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದಿರುವುದು ಅಧೈರ್ಯವಲ್ಲ, ದೇಹಧರ್ಮ.

ಭಾರತಿ ಬಿ. ವಿ. ಅವರ ‘ಸಾಸಿವೆ ತಂದವಳು’ ಈ ದೃಷ್ಟಿಯಿಂದ ಗಮನಾರ್ಹವಾದ ಕೃತಿ. ಇದು ಸ್ತನದ ಅರ್ಬುದವನ್ನು ಅನುಭವಿಸಿದವರೇ ಬರೆದ ಕಥನ. ಹೊರಗೆ ನಿಂತು ಮಾಡಿದ ಉಪದೇಶವಲ್ಲ. ರೋಗದ ಹೆಸರನ್ನೆತ್ತಲು ಹೆದರಿ ‘ಆ ಬೇನೆ’ ಎನ್ನುವ ಸಮಾಜದಲ್ಲಿ ಅದನ್ನು ತನ್ನದೆಂದು ಹೆಸರಿಸಿ ಬರೆಯುವುದೇ ಒಂದು ಉಪಕಾರ. ಹೆಸರಿನಲ್ಲಿ ಕಿಸಾ ಗೌತಮಿಯ ಕಥೆಯ ನೆನಪುಂಟು. ಸಾವಿಲ್ಲದ ಮನೆಯ ಸಾಸಿವೆಯನ್ನು ತಾರೆಂದು ಬುದ್ಧನು ಆಕೆಯನ್ನು ಕಳುಹಿಸಿದನು. ಸಾವು ಎಲ್ಲರಿಗೂ ಉಂಟೆಂಬುದೇ ಅದರ ನೀತಿಯೆಂದು ಸಾಮಾನ್ಯವಾಗಿ ಹೇಳುತ್ತೇವೆ. ನಮಗೆ ಇನ್ನೊಂದೂ ತೋರುತ್ತದೆ: ಆಕೆ ತಟ್ಟಿದ ಪ್ರತಿಯೊಂದು ಬಾಗಿಲಲ್ಲಿಯೂ ಯಾರೋ ಒಬ್ಬರು ತಮ್ಮ ನೋವನ್ನು ಹೇಳಿಕೊಂಡರು. ಸಾಸಿವೆ ದೊರೆಯಲಿಲ್ಲ, ಜೊತೆ ದೊರೆಯಿತು. ಇಂಥ ಪುಸ್ತಕವೂ ಹಾಗೆ ತೆರೆದ ಒಂದು ಬಾಗಿಲು.

ಆದರೂ ಬರೆಯಬೇಕಾದುದು ಬಹಳ ಉಳಿದಿದೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾಯಿತು. ಕಲಬುರಗಿಯಲ್ಲಿ ಅದರ ಶಾಖೆಯೂ ಉಂಟು. ಕಿರಣಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ. ಗೋಗಿಯ ಗೃಹಿಣಿಯೊಬ್ಬಳು ಅಷ್ಟು ದಿನ ಪರಊರಿನಲ್ಲಿದ್ದರೆ ಹಿಂದೆ ಮಕ್ಕಳಿಗೆ ರೊಟ್ಟಿ ಬಡಿಯುವವರಾರು? ತೊಗರಿಯ ರಾಶಿಗೆ ನಿಲ್ಲುವವರಾರು? ಆಸ್ಪತ್ರೆಯ ಜಗಲಿಯ ಮೇಲೆ ರಾತ್ರಿ ಕಳೆಯುವ ಆಕೆಯ ಅಣ್ಣನ ಮನಸ್ಸಿನಲ್ಲೇನಿದೆ? ನಮ್ಮ ಜಿಲ್ಲೆಯ ಲೇಖಕರು ಇದನ್ನು ಬರೆಯಬೇಕು. ರೋಗಿಯ ಧೈರ್ಯವೆಂದು ನಾವು ಹೊಗಳುವುದು ಬಹುಮಟ್ಟಿಗೆ ನೆರೆಯವರು ಇಳಿಸಿಕೊಂಡ ಹೊರೆಯೇ ಆಗಿರುತ್ತದೆ.

ಓದುವ ಗೃಹಸ್ಥರಿಗೂ ಒಂದು ವಿಜ್ಞಾಪನೆ. ರೋಗಿಯ ಮನೆಗೆ ಹೋದಾಗ ಧೈರ್ಯದ ಭಾಷಣ ಬೇಡ. ಮಜ್ಜೆ ಸೊರಗಿ ಬಿಳಿರಕ್ತಕಣಗಳು ಇಳಿದಿರುವಾಗ ಸೋಂಕು ಅಪಾಯಕರ. ಆದುದರಿಂದ ನೆಗಡಿಯಿದ್ದರೆ ಹೋಗಲೇಬೇಡಿ. ಹೋದರೆ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಿ. ಅವರು ಅತ್ತರೆ ಅಳಗೊಡಿ. ಉತ್ತಮ ಸಾಹಿತ್ಯವು ರೋಗಿಯ ಬಳಿ ಹೀಗೆಯೇ ಕುಳಿತುಕೊಳ್ಳುತ್ತದೆಂಬುದು ನಮ್ಮ ನಮ್ರ ಅಭಿಪ್ರಾಯ.