ಪ್ರತಿರೂಪವೋ, ಪುತ್ರತ್ವವೋ? ‘ಇಂಪೀರಿಯಲ್ ಅರ್ಥ್’ ಕಾದಂಬರಿಯ ಒಂದು ದೈವಶಾಸ್ತ್ರೀಯ ಓದು

ಯಶವಂತಪುರವನ್ನು ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಪೀಣ್ಯದಲ್ಲಿ ಇಸ್ರೋ ಸಂಸ್ಥೆಯ ಇಸ್ಟ್ರಾಕ್ ಕೇಂದ್ರವಿದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಕೆಂಪು ಗ್ರಹದ ಕಕ್ಷೆಯನ್ನು ಸೇರಿದಾಗ, ನೌಕೆಯ ಸಂಕೇತಗಳು ಭೂಮಿಯನ್ನು ಮುಟ್ಟಲು ಸುಮಾರು 12 ನಿಮಿಷ ಹಿಡಿಯುತ್ತಿತ್ತು. ಶನಿಯ ಉಪಗ್ರಹವಾದ ಟೈಟನ್‌ನಿಂದಾದರೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಅಷ್ಟು ದೂರದಲ್ಲಿ ನೆಲೆಸಿದವರಿಗೆ ತಾಯ್ನೆಲದೊಡನೆ ಸಂಭಾಷಣೆ ಸಾಧ್ಯವಿಲ್ಲ. ಹೆಚ್ಚೆಂದರೆ ಪತ್ರವ್ಯವಹಾರ ಸಾಧ್ಯ.

ಆರ್ಥರ್ ಸಿ. ಕ್ಲಾರ್ಕರ ‘ಇಂಪೀರಿಯಲ್ ಅರ್ಥ್’ (1975) ಈ ಅಂತರದ ಮೇಲೆಯೇ ಕಟ್ಟಿದ ಕಾದಂಬರಿ. 1956ರಿಂದ ಶ್ರೀಲಂಕೆಯಲ್ಲಿ ನೆಲೆಸಿದ್ದ ಕ್ಲಾರ್ಕರು ದೇವರನ್ನು ನಂಬಿದವರಲ್ಲ. ಆದರೂ ಅವರ ಕಥೆ ಎತ್ತುವ ಪ್ರಶ್ನೆ ಸೆಮಿನರಿಯ ತರಗತಿಗೆ ಹೊರಗಿನದಲ್ಲ: ಹೊಸ ನೆಲದಲ್ಲಿ ಬೇರೂರಿದವನು ತನ್ನ ತರುವಾಯ ಯಾರನ್ನು ಬಿಟ್ಟುಹೋಗಬೇಕು? ಸಭೆಗಳನ್ನು ಸ್ಥಾಪಿಸಲು ಹೊರಡುವ ನಮ್ಮ ವಿದ್ಯಾರ್ಥಿಗಳಿಗೂ, ಸ್ಥಾಪಿಸಿದವುಗಳನ್ನು ಕಾಯುವ ಸಭಾಪಾಲಕರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಕಥೆ ನಡೆಯುವುದು 2276ರಲ್ಲಿ. ಟೈಟನ್ನಿನ ವಾಯುಮಂಡಲದಿಂದ ಜಲಜನಕವನ್ನು ತೆಗೆದು ಗ್ರಹಾಂತರ ನೌಕೆಗಳಿಗೆ ಒದಗಿಸುವ ಉದ್ಯಮವನ್ನು ಮ್ಯಾಲ್ಕಂ ಮೆಕೆಂಝಿ ಕಟ್ಟಿದ್ದಾನೆ. ಅವನ ವಂಶಧಾತು ಕೆಟ್ಟಿರುವುದರಿಂದ ಆರೋಗ್ಯವಂತ ಸಂತಾನ ಸಾಧ್ಯವಿಲ್ಲ. ಆದ್ದರಿಂದ ಅವನ ಜೀವಕೋಶದಿಂದ ಕಾಲಿನ್, ಕಾಲಿನ್‌ನಿಂದ ಡಂಕನ್, ಹೀಗೆ ಒಬ್ಬನೇ ಮನುಷ್ಯನು ಮೂರು ತಲೆಮಾರು ತದ್ರೂಪಿಯಾಗಿ ಮುಂದುವರಿದು ಟೈಟನ್ನನ್ನು ಆಳುತ್ತಾನೆ. ಅಮೆರಿಕದ ಸ್ವಾತಂತ್ರ್ಯದ 500ನೆಯ ವರ್ಷಾಚರಣೆಗೆ ಪ್ರತಿನಿಧಿಯಾಗಿ ಡಂಕನ್ ಭೂಮಿಗೆ ಬರುತ್ತಾನೆ. ತನ್ನ ಪ್ರತಿರೂಪವಾದ ನಾಲ್ಕನೆಯ ಮೆಕೆಂಝಿಯನ್ನು ಒಯ್ಯುವುದು ಅವನ ಇನ್ನೊಂದು ಉದ್ದೇಶ.

ಕ್ಲಾರ್ಕರ ವಿಜ್ಞಾನದ ಒಂದು ಭಾಗ ಇಂದು ಹಳತಾಗಿದೆ. 1980ರಲ್ಲಿ ವಾಯೇಜರ್ 1 ನೌಕೆಯು ಟೈಟನ್ನಿನ ವಾಯುಮಂಡಲದ ಬಹುಪಾಲು ಸಾರಜನಕವೆಂದು ತೋರಿಸಿತು. ಅಲ್ಲಿ ಜಲಜನಕದ ಅಂಶ ಅತ್ಯಲ್ಪ. 2005ರ ಜನವರಿ 14ರಂದು ಇಳಿದ ಹೈಗೆನ್ಸ್ ಶೋಧಕವು ಸುಮಾರು ಮೈನಸ್ 180 ಡಿಗ್ರಿ ಸೆಲ್ಸಿಯಸ್ ಶೀತದ ನೆಲವನ್ನು ಕಂಡಿತು. ಆದರೆ ಕಾದಂಬರಿಯ ನೈತಿಕ ಲೆಕ್ಕ ಕೆಡುವುದಿಲ್ಲ. ಹೊಸ ಬಗೆಯ ಎಂಜಿನ್ನು ಬಂದರೆ ಜಲಜನಕದ ಬೇಡಿಕೆ ಕುಸಿಯುತ್ತದೆ. ಒಂದೇ ಸರಕನ್ನು ನಂಬಿದ ವಸಾಹತು ನಲುಗುತ್ತದೆ. ಒಂದೇ ಸರಕಿನ ಆರ್ಥಿಕತೆಯನ್ನೂ ಒಂದೇ ಮುಖದ ವಂಶವನ್ನೂ ಕ್ಲಾರ್ಕರು ಅಕ್ಕಪಕ್ಕ ಇಟ್ಟಿರುವುದರಲ್ಲಿ ಅರ್ಥವಿದೆ. ಎರಡೂ ಬದಲಾವಣೆಗೆ ಅಂಜುವ ವ್ಯವಸ್ಥೆಗಳು.

ಪ್ರತಿರೂಪವು ತಾನೇ ತಾನಾಗಿ ಹುಟ್ಟುವುದಿಲ್ಲ. ಅದನ್ನು ಹೊರಲು ಇನ್ನೊಬ್ಬಳ ಗರ್ಭ ಬೇಕು. ಕಾದಂಬರಿಯಲ್ಲಿ ಅಂಥ ಸ್ತ್ರೀಯರಿದ್ದಾರೆ. ಆದರೆ ಕಥೆಯ ದೃಷ್ಟಿ ಅವರ ಮೇಲೆ ನಿಲ್ಲುವುದಿಲ್ಲ. ಇಲ್ಲಿ ನಾವು ಆದಿಕಾಂಡದ 16ನೆಯ ಅಧ್ಯಾಯದ ಹಾಗರಳನ್ನು ನೆನೆಯದೆ ಇರಲಾರೆವು. ಯಜಮಾನನಿಗೆ ಉತ್ತರಾಧಿಕಾರಿಯನ್ನು ಹೆತ್ತುಕೊಡಬೇಕಾದ ಆ ದಾಸಿಯನ್ನು ಮನೆಯವರು ಕಾಣಲಿಲ್ಲ. ಅಡವಿಯಲ್ಲಿ ದೇವರು ಕಂಡನು. ನಮ್ಮ ದೇಶದ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯು 2021ರಲ್ಲಿ ಅಂಗೀಕಾರವಾಗಿ ವಾಣಿಜ್ಯ ಬಾಡಿಗೆ ತಾಯ್ತನವನ್ನು ನಿಷೇಧಿಸಿತು. ಕ್ಲಾರ್ಕರು ಬಿಟ್ಟ ಪ್ರಶ್ನೆ ನಮ್ಮ ಸಭೆಗಳ ದಂಪತಿಗಳ ಮನೆಬಾಗಿಲಿಗೇ ಬಂದಿದೆ.

ಇಷ್ಟಾದರೂ ಕಾದಂಬರಿಯ ಅಂತ್ಯವು ಅದರ ಆರಂಭಕ್ಕಿಂತ ವಿವೇಕವುಳ್ಳದ್ದು. ಡಂಕನ್‌ನ ಬಾಲ್ಯಸ್ನೇಹಿತ, ಪ್ರತಿಸ್ಪರ್ಧಿ ಮನೆತನದ ಕಾರ್ಲ್ ಹೆಲ್ಮರ್, ಒಂದು ರೇಡಿಯೋ ದೂರದರ್ಶಕ ಸ್ಥಾವರದಲ್ಲಿ ಅವನ ಎದುರಿನಲ್ಲೇ ಸಾಯುತ್ತಾನೆ. ಡಂಕನ್ ಟೈಟನ್ನಿಗೆ ಮರಳುವಾಗ ಅವನ ಕೈಯಲ್ಲಿರುವ ಮಗು ಮೆಕೆಂಝಿಯಲ್ಲ. ಕಾರ್ಲ್‌ನ ಜೀವಕೋಶದಿಂದ ಹುಟ್ಟಿದ ಮಗು. ವಂಶಸರಪಳಿಯನ್ನು ಅವನೇ ತುಂಡರಿಸುತ್ತಾನೆ.

ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದೋಣ. ಅಬ್ರಹಾಮನಿಂದ ತಲೆಮಾರುಗಳು ಒಂದರ ಹಿಂದೊಂದು ಸಾಲಾಗಿ ಬಂದು ಯೋಸೇಫನ ಬಳಿ ಹಠಾತ್ತನೆ ನಿಲ್ಲುತ್ತವೆ. ತಾನು ಹುಟ್ಟಿಸದ ಮಗುವಿಗೆ ಅವನು ಹೆಸರಿಡುತ್ತಾನೆ. ದಾವೀದನ ವಂಶ ಆ ಹೆಸರಿಡುವಿಕೆಯಲ್ಲಿ ನೆರವೇರುತ್ತದೆ. ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ನಮ್ಮ ರಕ್ಷಣೆಯನ್ನು ದತ್ತುಪುತ್ರತ್ವದ ಭಾಷೆಯಲ್ಲಿ ವಿವರಿಸಿದ್ದಾನೆ. ದತ್ತು ಎಂಬುದರಲ್ಲಿ ಹೋಲಿಕೆ ಮುಂಚಿತವಾದ ಷರತ್ತಲ್ಲ. ಮೊದಲು ಸ್ವೀಕಾರ, ಆಮೇಲೆ ಹೋಲಿಕೆ.

ಆದರೆ ಕ್ಲಾರ್ಕರು ಅರ್ಧದಾರಿಯಲ್ಲಿ ನಿಂತರೆಂದು ನಮ್ಮ ಅಭಿಪ್ರಾಯ. ಡಂಕನ್ ಒಯ್ಯುವ ಮಗುವೂ ಪ್ರತಿರೂಪವೇ. ಕಳೆದುಹೋದವನ ನೆನಪಿನ ಭಾರವನ್ನು ಹೊತ್ತೇ ಹುಟ್ಟಿದ್ದು. ಸತ್ತ ಗೆಳೆಯನನ್ನು ಮರಳಿ ಪಡೆದೆನೆಂಬ ಭ್ರಮೆಗೆ ಅಲ್ಲಿ ಎಡೆಯಿದೆ. ಪುನರುತ್ಥಾನದ ನಿರೀಕ್ಷೆ ಇದಕ್ಕಿಂತ ಭಿನ್ನ. ಎದ್ದುಬಂದ ಕರ್ತನು ತೋಮನಿಗೆ ಗಾಯಗಳನ್ನು ತೋರಿಸಿದನು. ಸತ್ತವನೇ ಎದ್ದನೆಂಬುದಕ್ಕೆ ಅವು ಸಾಕ್ಷಿ. ಕಾರ್ಲ್‌ನ ತದ್ರೂಪಿಯಲ್ಲಿ ಆ ಗಾಯಗಳಿಲ್ಲ, ಆ ಬಾಳಿನ ಸ್ಮರಣೆಯೂ ಇಲ್ಲ. ಆ ಕೂಸು ಬೇರೊಬ್ಬ ವ್ಯಕ್ತಿ. ಅದನ್ನು ಬೇರೊಬ್ಬನೆಂದು ಪ್ರೀತಿಸುವ ಶಕ್ತಿ ಡಂಕನ್‌ಗಿದೆಯೇ ಎಂಬಲ್ಲಿಗೆ ಕಾದಂಬರಿ ಮೌನವಾಗುತ್ತದೆ.

ಈ ಮೌನದಲ್ಲಿ ಉತ್ತರ ಬೆಂಗಳೂರಿನ ಸಭೆಗಳೂ ತಮ್ಮ ಮುಖವನ್ನು ಕಾಣಬಹುದು. ಯಲಹಂಕದ ಪ್ರಭು ಕೆಂಪೇಗೌಡರು 1537ರಲ್ಲಿ ಕಟ್ಟಿದ ಹೊಸ ಊರೇ ಬೆಂಗಳೂರು. 2007ರಲ್ಲಿ ಆ ಬೆಂಗಳೂರಿನ ಮಹಾನಗರ ಪಾಲಿಕೆಯೊಳಗೆ ಯಲಹಂಕವೇ ಸೇರಿಹೋಯಿತು. ಮಗಳು ತಾಯಿಯನ್ನು ತನ್ನ ಮನೆಗೆ ಕರೆದುಕೊಂಡಳು. ಆದರೆ ಮಗಳು ತಾಯಿಯಂತೆ ಉಳಿಯಲಿಲ್ಲ. ಇಂದು ಹೆಬ್ಬಾಳ, ಆರ್.ಟಿ. ನಗರ, ಯಲಹಂಕ ಉಪನಗರಗಳಲ್ಲಿ ಹಲವು ನಾಡುಗಳಿಂದ ಬಂದ ವಿಶ್ವಾಸಿಗಳು ತಮ್ಮ ತಮ್ಮ ಭಾಷೆಯಲ್ಲಿ ಆರಾಧಿಸಲು ಕೂಡುತ್ತಾರೆ. ಪರವೂರಿಗೆ ಬಂದವರು ತಮ್ಮ ನುಡಿಯಲ್ಲಿ ಪ್ರಾರ್ಥಿಸಬಯಸುವುದು ಸಹಜ, ಬೇಕಾದದ್ದು ಕೂಡ. ಅದೇ ರಾಗ, ಅದೇ ಮನೆತನಗಳು, ಅದೇ ಊರಿನ ಹಿರಿತನ ಹೊಸ ಬಡಾವಣೆಯಲ್ಲಿ ಅಚ್ಚೊತ್ತಿದಂತೆ ಮರಳಿದಾಗ ಮಾತ್ರ ಅಪಾಯ. ಪಕ್ಕದ ಬೀದಿಯ ಕನ್ನಡದ ಮಗು ಅಲ್ಲಿ ಅತಿಥಿಯಾಗಿಯೇ ಬೆಳೆಯುತ್ತದೆ. ಸುವಾರ್ತೆ ಬಂತು, ನಿಜ. ಆದರೆ ಬಂದದ್ದು ನಾಲ್ಕನೆಯ ಮೆಕೆಂಝಿಯ ರೂಪದಲ್ಲಿ.

ಆದಿಸಭೆ ಇದೇ ಕವಲಿನಲ್ಲಿ ನಿಂತಿತ್ತು. ಅನ್ಯಜನರು ತಮ್ಮ ಪ್ರತಿರೂಪಗಳಾಗಬೇಕೆಂದು ಹಟ ಹಿಡಿದವರಿದ್ದರು. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದ ಯೆರೂಸಲೇಮಿನ ಸಮಾಲೋಚನೆ ಆ ನೊಗವನ್ನು ಹೊರಿಸಲಿಲ್ಲ. ಅದಕ್ಕೂ ಮುಂಚೆಯೇ, ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಬಂದದ್ದು ತಾಯಿಸಭೆಯಾದ ಯೆರೂಸಲೇಮಿನಲ್ಲಲ್ಲ, ಅಂತಿಯೋಕ್ಯದಲ್ಲಿ. ನಮ್ಮೆಲ್ಲರ ಹೆಸರನ್ನು ಪಡೆದದ್ದು ಮಗಳುಸಭೆ.

ಅಧ್ಯಯನ ಮುಗಿಸಿ ಸೇವೆಗೆ ಹೊರಡುವವರು ಈ ಕಾದಂಬರಿಯನ್ನು ಓದಲಿ. ಶನಿಯ ಉಂಗುರಗಳ ವರ್ಣನೆ ಸೊಗಸಾಗಿದೆ, ನಿಜ. ಆದರೆ ಓದಿ ಮುಗಿಸಿದ ಮೇಲೆ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಮಾತು ಇದು: ನಾಳೆ ನಾವು ತೋಳಲ್ಲಿ ಎತ್ತಿಕೊಳ್ಳುವ ಸಭೆಗೆ ನಮ್ಮ ಮುಖ ಇಲ್ಲದಿದ್ದರೂ ಯೋಸೇಫನಂತೆ ಅದಕ್ಕೆ ಹೆಸರಿಟ್ಟು ಸಾಕಲು ನಾವು ಸಿದ್ಧರೇ?