ಕೂರದೆ ನೋಡುವ ಹಂಪಿ

ತೋರಣಗಲ್ಲಿನ ‘ಪ್ಲೇಸ್-ಹಂಪಿ’ ಎಂಬ ಡಿಜಿಟಲ್ ಪ್ರದರ್ಶನ ನನಗೆ ಅಚ್ಚುಮೆಚ್ಚು. ಸುತ್ತ ದುಂಡನೆಯ ಪರದೆ, ನಡುವೆ ತಿರುಗುವ ವೇದಿಕೆ, ಕಣ್ಣಿಗೆ ತ್ರೀಡಿ ಕನ್ನಡಕ. ಯಾವ ಮಂಟಪದತ್ತ ಸಾಗಬೇಕೆಂಬುದು ನೋಡುಗನ ಕೈಯಲ್ಲೇ. ಸಾರಾ ಕೆಂಡರ್ಡೈನ್, ಜೆಫ್ರಿ ಶಾ ರೂಪಿಸಿದ ಇದರಲ್ಲಿ ಜಾನ್ ಗಾಲಿಂಗ್ಸ್ ಫೋಟೊಗಳಿವೆ. ಬಂಡೆಗಳ ನಡುವೆ ಅನಿಮೇಷನ್ ದೇವತೆಗಳೂ ಸುಳಿಯುತ್ತಾರೆ. ಆದರೂ ಮುರಿದ ಕಲ್ಲು ಮುರಿದಂತೆಯೇ ಇದೆ. ಆ ಸಂಯಮ ದೊಡ್ಡದು.

ಫ್ಲಾಟ್ ಮಾರುವವರೂ ಇಂಥದೇ ವಿದ್ಯೆಯಿಂದ, ಇನ್ನೂ ಕಟ್ಟದ ಮನೆಯೊಳಗೇ ನಮ್ಮನ್ನು ಪರದೆಯ ಮೇಲೆ ಓಡಾಡಿಸುವ ಕಾಲವಿದು. ಈ ವಿದ್ಯೆ ನಮ್ಮ ಗುಬ್ಬಿ ಸೀಮೆಗೂ ಬರಲಿ. ಅಲ್ಲಿನ ಹಾಗಲವಾಡಿ ಪಾಳೆಯಗಾರರು ಆಳಿದ ಊರು. ಡ್ರೋನ್ ಫೋಟೊಗಳನ್ನು ಹೆಣೆದು ಮಾದರಿ ಮಾಡಿ ಗೇಮ್ ಎಂಜಿನ್‌ಗೆ ಹಾಕಿದರೆ ಊರ ಹುಡುಗರು ಮೊಬೈಲಿನಲ್ಲೇ ಹಳೆಯ ಹಾಗಲವಾಡಿ ಸುತ್ತಬಹುದು. ಷರತ್ತು ಒಂದೇ: ಉಳಿದ ಕಲ್ಲಿಗೊಂದು ಬಣ್ಣ, ಊಹೆಯ ಗೋಡೆಗೆ ಇನ್ನೊಂದು.