ಹೆಪ್ಪುಗಟ್ಟುವ ವೀರ್ಯಾಣುವಿಗೆ ವಿಟಮಿನ್ ಇ: ಒಂದು ವಾಕ್ಯದ ವ್ಯಾಖ್ಯಾನ

ವಾಕ್ಯ: ವೀರ್ಯ ಹೆಪ್ಪುಗಟ್ಟಿಸುವ ದ್ರಾವಣಕ್ಕೆ ವಿಟಮಿನ್ ಇ ಬೆರೆಸಿದರೆ, ಕರಗಿಸಿದ ಮೇಲೆ ವೀರ್ಯಾಣುಗಳ ಚಲನೆ ಉತ್ತಮಗೊಳ್ಳುತ್ತದೆ, ಡಿಎನ್‌ಎಗೂ ರಕ್ಷಣೆ ಸಿಗುತ್ತದೆ.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಗುರುಪ್ರಸಾದ್ ಕಲ್ತೂರ್, ಸತೀಶ್ ಕುಮಾರ್ ಅಡಿಗ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದು, ಮಾತು ನನ್ನದು. ಕಿಮೊಥೆರಪಿಗೆ ಮುನ್ನ ವೀರ್ಯ ಕಾದಿಡಬೇಕಾದವರೊಬ್ಬರ ಪರವಾಗಿ ನಾಗಪುರದ ಕನ್ನಡಿಗರೊಬ್ಬರು ಇದರ ಅರ್ಥ ಕೇಳಿದ್ದಾರೆ.

‘ದ್ರಾವಣಕ್ಕೆ’: ಹೊಟ್ಟೆಗೆ ಎಂದಿಲ್ಲ, ಗಮನಿಸಿ. ಈ ದ್ರಾವಣದ ಜೀವಾಳ ಗ್ಲಿಸರಾಲ್. ಹೆಪ್ಪುಗಟ್ಟುವಾಗ ವೀರ್ಯಾಣುವನ್ನು ಕಾಪಾಡುವ ಅದರ ಗುಣವನ್ನು 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಕೋಳಿಯ ವೀರ್ಯದ ಮೇಲೆ ಕಂಡುಕೊಂಡರು. 1953ರಲ್ಲಿ ಅಮೆರಿಕದ ಬಂಜ್ ಮತ್ತು ಶೆರ್ಮನ್ ಹೆಪ್ಪುಗಟ್ಟಿಸಿದ ಮಾನವ ವೀರ್ಯದಿಂದ ಗರ್ಭ ನಿಲ್ಲುತ್ತದೆಂದು ತೋರಿಸಿದರು.

‘ವಿಟಮಿನ್ ಇ’: ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲಿ ವೀರ್ಯಾಣು ಸುಮ್ಮನೆ ಕುಳಿತಿರುತ್ತದೆ, ಅಲ್ಲಿ ಅಪಾಯವಿಲ್ಲ. ಅಪಾಯವೆಲ್ಲ ಆ ಚಳಿಗೆ ಇಳಿಯುವಾಗ, ಅಲ್ಲಿಂದ ಏರುವಾಗ. ಆಗ ಉಗ್ರ ಆಮ್ಲಜನಕ ಕಣಗಳು ಹೆಚ್ಚುತ್ತವೆ. ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡುವ ಬಗೆಯ ಕೊಬ್ಬೇ ಜಾಸ್ತಿ. ಹಳೆಯ ಎಣ್ಣೆ ಕಮಟು ಹಿಡಿದಂತೆ ಅದು ಕೆಡುತ್ತದೆ. ಒಂದು ಕಣ ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ. ದೇಹದ ಇತರ ಜೀವಕೋಶಗಳು ಇಂಥದ್ದನ್ನು ಕಿಣ್ವಗಳಿಂದ ಎದುರಿಸುತ್ತವೆ. ತಲೆ, ಬಾಲ ಬಿಟ್ಟರೆ ಹೆಚ್ಚೇನೂ ಇಲ್ಲದ ವೀರ್ಯಾಣುವಿಗೆ ಆ ದಾಸ್ತಾನು ತೀರ ಕಡಿಮೆ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಇ ಪೊರೆಯೊಳಕ್ಕೇ ಸೇರಿ ಈ ಸರಪಳಿಯನ್ನು ಕಡಿಯುತ್ತದೆ. ಹಾಗೆಂದು ಸುರಿಯುವಂತಿಲ್ಲ: ಅಂಡದೊಡನೆ ಕೂಡುವ ಶಕ್ತಿ ಪಡೆಯಲು ವೀರ್ಯಾಣುವಿಗೆ ಅದೇ ಉಗ್ರ ಕಣಗಳು ಒಂದಿಷ್ಟು ಬೇಕೇ ಬೇಕು.

‘ಚಲನೆ’: ಕರಗಿಸಿದಾಗ, ಮೊದಲು ಓಡಾಡುತ್ತಿದ್ದವುಗಳಲ್ಲಿ ಸುಮಾರು ಅರ್ಧದಷ್ಟು ನಿಂತೇ ಹೋಗಿರುವುದು ಸಾಮಾನ್ಯ. ಚಲನೆ ಉತ್ತಮವೆಂದರೆ ಈ ನಷ್ಟ ಕಡಿಮೆ ಎಂದರ್ಥ.

‘ಡಿಎನ್‌ಎಗೂ’: ನನ್ನ ಲೆಕ್ಕದಲ್ಲಿ ವಾಕ್ಯದ ತೂಕವೆಲ್ಲ ಇಲ್ಲಿದೆ. ಇಕ್ಸಿ ವಿಧಾನದಲ್ಲಿ ಒಂದೇ ವೀರ್ಯಾಣುವನ್ನು ಕಣ್ಣಳತೆಯಲ್ಲಿ ಆರಿಸಿ ಅಂಡದೊಳಕ್ಕೆ ಚುಚ್ಚುತ್ತಾರೆ. ಚಲನೆ ಆ ಕಣ್ಣಿಗೆ ಕಾಣುತ್ತದೆ, ಡಿಎನ್‌ಎಯ ಬಿರುಕು ಕಾಣುವುದಿಲ್ಲ.

ವಾಕ್ಯ ಹೇಳದೆ ಬಿಟ್ಟದ್ದೂ ಮುಖ್ಯ. ಮಗುವಿನ ಮಾತು ಅದರಲ್ಲಿಲ್ಲ. ಅದು ಪ್ರಯೋಗಾಲಯದ ಗೆಲುವು, ಅಷ್ಟೇ. ಮಾತ್ರೆಯ ಮಾತೂ ಇಲ್ಲ. ಅಮೆರಿಕದ ಮಾಕ್ಸಿ ಪ್ರಯೋಗ ಬಂಜೆತನದ ಗಂಡಸರಿಗೆ ವಿಟಮಿನ್ ಇ, ಸಿ ಮುಂತಾದವುಗಳ ಮಾತ್ರೆ ನುಂಗಿಸಿ ನೋಡಿತು. ವೀರ್ಯವಾಗಲಿ ಅದರ ಡಿಎನ್‌ಎಯಾಗಲಿ ಸುಧಾರಿಸಲಿಲ್ಲವೆಂದು 2020ರಲ್ಲಿ ವರದಿಯಾಯಿತು. ಔಷಧದಂಗಡಿಯ ದುಬಾರಿ ಡಬ್ಬಿಗೆ ಮಣಿಪಾಲದ ಸಾಕ್ಷಿ ಹೇಳಿಸುವುದು ಅನ್ಯಾಯ.

ಆದ್ದರಿಂದ ನಾಗಪುರದ ಮಿತ್ರರಿಗೆ ಇಷ್ಟು: ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ಮಾದರಿಯನ್ನು ಮನೆಯಿಂದ ಒಯ್ಯಬೇಡಿ, ಪ್ರಯೋಗಾಲಯದಲ್ಲೇ ಕೊಡಿಸಿ. ಅದನ್ನು ಎಷ್ಟು ಕಾಲ ಇಡಬಹುದೆಂದು ಅಲ್ಲೇ ಕೇಳಿಕೊಳ್ಳಿ. ದ್ರಾವಣದ ಆಯ್ಕೆ ಪ್ರಯೋಗಾಲಯದವರಿಗೆ ಬಿಡಿ. ಕಿಮೊಥೆರಪಿಯ ಮೊದಲ ಡೋಸಿಗೆ ಮುಂಚೆಯೇ ಈ ಕೆಲಸ ಮುಗಿಯಲಿ.